ಸಿಡಿಲಿಗೊಂದು ಗರಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಆದರೂ ತುಲಾ ತಿಂಗಳ ಸಂಜೆ ಘಟ್ಟದ ಕಡೆಯಿಂದ ಗುಡುಗು ಶುರುವಾಯಿತೆಂದರೆ ನಮ್ಮ ಮನೆಯ ಆಡಳಿತ ಮಾಂಯ್ ಕೈಗೆ ಹೋಗುತ್ತದೆ. ಮಾಂಯ್ ಅಂದರೆ ಅಮ್ಮ; ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಮಾತು.

ಮೊದಲು ಟೀವಿಯ ಪ್ಲಗ್, ಆಮೇಲೆ ಫ್ರಿಜ್ಜಿನದು, ಆಮೇಲೆ ಇಂಟರ್ನೆಟ್ಟಿನ ವೈರು. ಎಲ್ಲ ಕಿತ್ತಾದ ಮೇಲೆ ದೇವರ ಪೀಠದ ಶಿಲುಬೆಯ ಹಿಂದೆ ಕೈಹಾಕಿ, ಗರಿಗಳ ಭಾನುವಾರ ಇಗರ್ಜಿಯಲ್ಲಿ ಮಂತ್ರಿಸಿ ತಂದ ತೆಂಗಿನ ಗರಿಯನ್ನು ತೆಗೆಯುತ್ತಾರೆ. ಒಣಗಿ ಕಂದಾಗಿರುತ್ತದೆ. ಬೆರಳುದ್ದ ಮುರಿದು ಮೋಂಬತ್ತಿಗೆ ಹಿಡಿದರೆ ಚುರುಚುರು ಉರಿದು, ಮನೆಯೆಲ್ಲ ಹೊಗೆ. ಪ್ಲಗ್ ತೆಗೆದಾದ ಮೇಲೆ ಗರಿ ಯಾಕೆ ಎಂದು ನನ್ನ ಮಗ ಒಮ್ಮೆ ಕೇಳಿದ.

"ಪ್ಲಗ್ ಟೀವಿಗೆ ಪುತಾ, ಗರಿ ನಮಗೆ."

ಸಿಡಿಲು ಎಷ್ಟು ದೂರ ಎನ್ನುವುದಕ್ಕೂ ಮಾಂಯ್ ಹತ್ತಿರ ಲೆಕ್ಕವಿದೆ. ಮಿಂಚಿದ ಕೂಡಲೇ 'ನಮಾನ್ ಮರಿಯೆ' ಜಪ ಶುರು. ಪೂರ್ತಿ ಮುಗಿದ ಮೇಲೆ ಗುಡುಗಿದರೆ ಭಯವಿಲ್ಲ. ಅರ್ಧದಲ್ಲೇ ಗುಡುಗಿದರೆ ಜಗಲಿಯಲ್ಲಿದ್ದವರು ಒಳಗೆ ಬರಬೇಕು. ವಾಚು ಹಿಡಿದು ನೋಡಿದೆ: ಒಂದು ಜಪಕ್ಕೆ 12 ಸೆಕೆಂಡ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅಲ್ಲಿಗೆ ಜಪವೊಂದಕ್ಕೆ 4 ಕಿಲೋಮೀಟರ್. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಲೆಕ್ಕವೇ! ದೋಷ ಒಂದೇ, ಸಿಡಿಲು ಹತ್ತಿರವಾದಷ್ಟೂ ಮಾಂಯ್ ಜಪದ ವೇಗ ಏರುತ್ತದೆ. ಗಡಿಯಾರವೇ ಹೆದರಿದರೆ ಅಳೆಯುವುದು ಹೇಗೆ? ಹಾಗೆ ನೋಡಿದರೆ ಗುಡುಗು ಕೇಳಿಸಿದರೇ ಸಾಕು, ಒಳಗೆ ಬನ್ನಿ ಎನ್ನುತ್ತದೆ ವಿಜ್ಞಾನ. ಈ ವಿಷಯದಲ್ಲಿ ಅದು ಮಾಂಯ್‌ಗಿಂತ ಪುಕ್ಕಲು.

ನಮ್ಮ ಇಗರ್ಜಿಯ ಗೋಪುರದಲ್ಲಿ ಶಿಲುಬೆಗಿಂತ ಒಂದು ಗೇಣು ಎತ್ತರಕ್ಕೆ ಸಿಡಿಲು ತಡೆಯುವ ತಾಮ್ರದ ಸರಳಿದೆ. ಹಿಂದೆ ಯುರೋಪಿನಲ್ಲಿ ಗುಡುಗು ಬಂದರೆ ಇಗರ್ಜಿಯ ಗಂಟೆ ಬಾರಿಸುತ್ತಿದ್ದರು. ಊರಿಗೇ ಎತ್ತರದ ಗೋಪುರ, ಕೈಯಲ್ಲಿ ಒದ್ದೆ ಹಗ್ಗ. ಬಾರಿಸುವವರೇ ಎಷ್ಟೋ ಮಂದಿ ಹೋದರು. 1754ರಲ್ಲಿ ಈಗಿನ ಚೆಕ್ ದೇಶದ ಮೊರಾವಿಯದಲ್ಲಿ ಪ್ರೊಕೊಪ್ ದಿವಿಶ್ ಎಂಬ ಹಳ್ಳಿಯ ಪಾದ್ರಿ, ಸಿಡಿಲು ತಡೆಯಲೆಂದು ಎತ್ತರದ ಕಂಬ ನೆಟ್ಟು, ತುದಿಗೆ ಕಬ್ಬಿಣದ ಮೊಳೆಗಳನ್ನಿಟ್ಟು, ಸರಪಳಿಯನ್ನು ನೆಲಕ್ಕೆ ಇಳಿಬಿಟ್ಟರು. ಕೆಲವು ವರ್ಷಗಳಲ್ಲಿ ಬರ ಬಂತು. ಮಳೆಯನ್ನು ಓಡಿಸಿದ್ದು ಪಾದ್ರಿಯ ಯಂತ್ರವೇ ಎಂದು ಊರವರು ಅದನ್ನು ಕಿತ್ತು ಹಾಕಿದರು. ಧರ್ಮಕ್ಕೂ ವಿಜ್ಞಾನಕ್ಕೂ ಹಾವು ಮುಂಗುಸಿ ಎಂದು ಭಾಷಣ ಮಾಡುವವರು ಈ ಜಗಳವನ್ನು ಯಾವ ಖಾತೆಗೆ ಜಮಾ ಮಾಡುತ್ತಾರೋ ಕಾಣೆ. ಗೆಲಿಲಿಯೊನನ್ನು 1633ರಲ್ಲಿ ಕಟಕಟೆಗೆ ನಿಲ್ಲಿಸಿದ್ದು ನಿಜ. ಅದಕ್ಕೆ ನಾವು ತಲೆ ತಗ್ಗಿಸಬೇಕಾದ್ದೇ. ಆದರೆ ಬಟಾಣಿ ಬೆಳೆಸಿ ಅನುವಂಶೀಯತೆಯ ಲೆಕ್ಕ ಬಿಡಿಸಿದ ಮೆಂಡೆಲ್ ಸನ್ಯಾಸಿ. ಅವರ ಮಠವೂ ಮೊರಾವಿಯದಲ್ಲೇ; ದಿನಾ ಹವೆಯ ಲೆಕ್ಕ ಬರೆದಿಡುತ್ತಿದ್ದವರು. 1870ರಲ್ಲಿ ಸುಂಟರಗಾಳಿ ಮಠದ ಕಿಟಕಿಗಾಜು ಒಡೆದಾಗ ಅದು ಯಾವ ದಿಕ್ಕಿಗೆ ತಿರುಗಿತೆಂದು ಗಮನಿಸಿ ಪ್ರಬಂಧವನ್ನೇ ಬರೆದರು.

ಅಷ್ಟು ತಾಳ್ಮೆ ನಮಗೆಲ್ಲಿ! ನಮ್ಮದು ಬೂದಿಯ ತಾಪತ್ರಯ. ಮನೆಮನೆಯ ಹಳೆ ಗರಿಗಳನ್ನು ಇಗರ್ಜಿಗೆ ತರಿಸಿ ಸುಟ್ಟು, ಬೂದಿ ಬುಧವಾರ ಹಣೆಗೆ ಹಚ್ಚುವುದು ಪದ್ಧತಿ. ನಮ್ಮ ಮನೆಯಿಂದ ಹೋಗುವುದು ಬರೀ ಕಡ್ಡಿ.

"ಏನು ಮಾಸ್ಟ್ರೇ, ಈ ಸಲವೂ ಸಿಡಿಲು ಜಾಸ್ತಿಯೋ?" ಎಂದು ನಕ್ಕರು ಫಾದರ್. ಹೇಗೂ ಸಿಕ್ಕಿಬಿದ್ದಿದ್ದೀರಲ್ಲ, ಗೋಪುರದ ಸರಳಿನ ಅರ್ತಿಂಗ್ ಗುಂಡಿಯನ್ನೊಮ್ಮೆ ನೋಡಿ ಎಂದರು. ನೋಡಿದೆ. ಒಣಗಿ ಬಿರುಕು ಬಿಟ್ಟಿತ್ತು.

ಮಾಂಯ್ ಅಪ್ಪಣೆಯಂತೆ ಈ ವರ್ಷ ಎರಡು ಗರಿ ತಂದಿದ್ದೇನೆ. ಗುಂಡಿಗೆ ಉಪ್ಪು, ಇದ್ದಿಲು ತುಂಬಿ ನೀರು ಹೊಯ್ಯುವ ಕೆಲಸ ಬಾಕಿ ಇದೆ. ಏಪ್ರಿಲ್ ಮುಗಿಯುವುದರೊಳಗೆ ಆಗಬೇಕು.