ತೆರೆಯದ ಬಾಗಿಲಿನ ಮೀಮಾಂಸೆ

ಕಾರಿನ ರಿಮೋಟ್ ಕೀಲಿಯು ಹೆಸರಿಗೆ ಕೀಲಿಯಾದರೂ ವಸ್ತುತಃ ಒಂದು ಪುಟ್ಟ ರೇಡಿಯೊ ಪ್ರಸಾರಕವಾಗಿದ್ದು, ಸಾಮಾನ್ಯವಾಗಿ ಸಿಆರ್ 2032 ಎಂಬ ಗುರುತಿನ ಮೂರು ವೋಲ್ಟಿನ ಸೆಲ್ಲೊಂದನ್ನು ನಂಬಿಕೊಂಡು, ಗುಂಡಿ ಒತ್ತಿದೊಡನೆ ಕಾರಿಗೆ ಒಂದು ಗುಪ್ತಸಂಕೇತವನ್ನು ರವಾನಿಸುತ್ತದೆ. ಈ ಅಲೆಯ ಆವೃತ್ತಿ, ಎಂದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬ ಲೆಕ್ಕ, ಭಾರತ ಮತ್ತು ಯುರೋಪಿನ ಬಹುಪಾಲು ಕಾರುಗಳಲ್ಲಿ 433.92 ಮೆಗಾಹರ್ಟ್ಸ್, ಅಮೆರಿಕ, ಜಪಾನುಗಳಲ್ಲಿ 315 ಮೆಗಾಹರ್ಟ್ಸ್ ರೂಢಿಯಲ್ಲಿದೆ. ಕೀಲಿ ಜೇಬಿನಲ್ಲಿದ್ದರೆ ಸಾಕು, ಹಿಡಿಕೆ ಮುಟ್ಟಿದರೆ ಬಾಗಿಲು ತೆರೆಯುತ್ತದೆ ಎನ್ನುವ ‘ಸ್ಮಾರ್ಟ್ ಕೀ’ ವ್ಯವಸ್ಥೆಯಲ್ಲಿ ಮೊದಲು ಕಾರೇ ಸುಮಾರು 125 ಕಿಲೊಹರ್ಟ್ಸಿನಲ್ಲಿ ‘ಯಾರಲ್ಲಿ?’ ಎಂದು ವಿಚಾರಿಸುತ್ತದೆ, ಕೀಲಿಯು ಮೇಲೆ ಹೇಳಿದ ಆವೃತ್ತಿಯಲ್ಲಿ ಉತ್ತರ ಕೊಡುತ್ತದೆ.

ಈ ಸಂವಾದದ ನಡುವೆ ಬಾಯಿ ಹಾಕುವ ಮೂರನೆಯ ವ್ಯಕ್ತಿಯೇ ಡ್ಯಾಶ್‌ಕ್ಯಾಮ್, ಅರ್ಥಾತ್ ಮುಂಗಾಜಿಗೆ ಅಂಟಿಕೊಂಡು ರಸ್ತೆಯ ವಿದ್ಯಮಾನಗಳನ್ನು ಬಿಡದೆ ಚಿತ್ರೀಕರಿಸುವ ಕ್ಯಾಮೆರಾ. ನ್ಯಾಯವಾಗಿ ನೋಡಿದರೆ ತಪ್ಪು ಬಹಳ ಸಲ ಕ್ಯಾಮೆರಾದ್ದಲ್ಲ, ಅದರ ಚಾರ್ಜರಿನದು. ಕಾರಿನ ಹನ್ನೆರಡು ವೋಲ್ಟನ್ನು ಕ್ಯಾಮೆರಾಕ್ಕೆ ಬೇಕಾದ ಐದು ವೋಲ್ಟಿಗೆ ಇಳಿಸಲು ಚಾರ್ಜರಿನೊಳಗಿನ ಸ್ವಿಚ್ಚು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ತೆರೆದು ಮುಚ್ಚುತ್ತಿರುತ್ತದೆ. ಆ ಪ್ರತಿಯೊಂದು ಹೊಡೆತವೂ ತನ್ನ ಮೂಲ ಆವೃತ್ತಿಯ ಗುಣಕಗಳಲ್ಲಿ ಗದ್ದಲ ಹುಟ್ಟಿಸಿ, ಆ ಗದ್ದಲ ನೂರಾರು ಮೆಗಾಹರ್ಟ್ಸಿನವರೆಗೂ ಹಬ್ಬುತ್ತದೆ. ಅದನ್ನು ಅಡಗಿಸುವ ಬಿಡಿಭಾಗಗಳಿಗೆ ಹಣ ತಗಲುವುದರಿಂದ ಅಗ್ಗದ ಚಾರ್ಜರುಗಳಲ್ಲಿ ಅವು ಇರುವುದಿಲ್ಲ. ಛಾವಣಿಯ ಅಂಚಿನಲ್ಲಿ ತೂರಿಸಿದ ಉದ್ದನೆಯ ವೈರು ಆಂಟೆನಾದ ಕೆಲಸವನ್ನು ಯಾರೂ ಹೇಳದೆಯೇ ವಹಿಸಿಕೊಳ್ಳುತ್ತದೆ. ಗಟ್ಟಿಮೇಳದ ಹೊತ್ತಿನಲ್ಲಿ ಛತ್ರದ ಬಾಗಿಲಲ್ಲಿ ನಿಂತವರು ಪಿಸುಗುಟ್ಟಿದ್ದನ್ನು ಮಂಟಪದಲ್ಲಿರುವ ಪುರೋಹಿತರು ಕೇಳಿಸಿಕೊಳ್ಳಬೇಕಾದ ಸ್ಥಿತಿ ಆಗ ಕಾರಿನದಾಗುತ್ತದೆ. ಅಪಶಬ್ದ ಕಿವಿಗೆ ಬೀಳದಿರಲೆಂದು ಅಲ್ಲಿ ಮೇಳ ಬಾರಿಸುತ್ತಾರೆ. ಇಲ್ಲಿ ಮುಳುಗಿಹೋಗುವುದು ಕಂತು ಕಟ್ಟಿದ ಮಾಲೀಕನ ನ್ಯಾಯವಾದ ಬೇಡಿಕೆ.

ಇಂಥ ಮಾಲೀಕನೊಬ್ಬನ ವರ್ತನೆಯನ್ನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹತ್ತಿರದಿಂದ ಅಧ್ಯಯನ ಮಾಡಲು ಸಾಧ್ಯವಾಗಿದೆ. ಆತನ ಹೆಸರು ಹೇಳುವುದು ವಿದ್ವತ್ತಿನ ಮರ್ಯಾದೆಯಲ್ಲವಾದ್ದರಿಂದ, ಪ್ರಸ್ತುತ ಲೇಖಕನು ಆತನನ್ನು ಹುಟ್ಟಿದಂದಿನಿಂದ ಬಲ್ಲನೆಂದಷ್ಟೇ ತಿಳಿಸಿದರೆ ಸಾಕು. ಆತ ಮೊದಲು ಸೆಲ್ಲನ್ನು ಶಂಕಿಸಿ ಬದಲಾಯಿಸಿದನು. ಅನಂತರ ಪಕ್ಕದ ಕಟ್ಟಡದ ಮೊಬೈಲ್ ಟವರನ್ನು, ಎದುರು ಮನೆಯವರ ವೈಫೈಯನ್ನು, ಕೊನೆಗೆ ತನ್ನ ಜಾತಕವನ್ನೂ ಶಂಕಿಸಿದನು. ಸರ್ವಿಸ್ ಸೆಂಟರಿನವರಂತೂ ಕಾರನ್ನು ಕಣ್ಣೆತ್ತಿಯೂ ನೋಡದೆ ‘ಕೀ ಹೊಸದು ಹಾಕಿಸಬೇಕು ಸಾರ್’ ಎಂದು ತೀರ್ಪಿತ್ತರು. ರೋಗಿಯನ್ನು ಮುಟ್ಟುವ ಮೊದಲೇ ಬಿಲ್ಲು ಬರೆಯುವ ಈ ವೈದ್ಯಪದ್ಧತಿಯ ಮೇಲೆ ಪ್ರತ್ಯೇಕ ಗ್ರಂಥವೇ ಬರಬೇಕು. ಕ್ಯಾಮೆರಾದ ಮೇಲೆ ಮಾತ್ರ ಅನುಮಾನ ಹುಟ್ಟಲಿಲ್ಲ, ಏಕೆಂದರೆ ಅದು ಸಾಕ್ಷಿ. ಸಾಕ್ಷಿಯನ್ನು ಆರೋಪಿಯೆಂದು ಭಾವಿಸುವ ಅಭ್ಯಾಸ ಸಜ್ಜನರಿಗಿರುವುದಿಲ್ಲ.

ಇಲ್ಲಿ ಗದ್ದಪ್ರಯೋಗವನ್ನು ವಿಸ್ತಾರವಾಗಿ ನಿರೂಪಿಸುವುದು ಅಗತ್ಯ. ಕೀಲಿಯನ್ನು ಗದ್ದಕ್ಕೆ ಒತ್ತಿಹಿಡಿದು ಗುಂಡಿ ಅದುಮಿದರೆ, ನೀರಿನಂಶ ತುಂಬಿದ ತಲೆಯು ಆಂಟೆನಾದ ಭಾಗದಂತೆ ವರ್ತಿಸಿ ಸಂಕೇತವು ಹೆಚ್ಚು ದೂರ ತಲುಪುತ್ತದೆ ಎಂಬುದು ಭೌತಶಾಸ್ತ್ರಕ್ಕೆ ಒಪ್ಪಿತವಾದ ಸಂಗತಿ. ಬಾಯಿ ತೆರೆದರೆ ಪರಿಣಾಮ ಇನ್ನೂ ಹೆಚ್ಚುತ್ತದೆ ಎಂಬ ಉಪಸಿದ್ಧಾಂತ ಮಾಲೀಕನದೇ. ಆತ ಕಂಬದ ಪಕ್ಕದಲ್ಲಿ ನಿಂತು, ಕೀಲಿಯನ್ನು ಎಡಗದ್ದಕ್ಕೆ ಒತ್ತಿ, ಬಾಯಿ ಅಗಲಿಸಿ, ಕಾರಿನ ಕಡೆಗೆ ಕತ್ತು ಚಾಚಿದನು, ಬಾಗಿಲು ತೆರೆಯಲಿಲ್ಲ. ಬಲಗದ್ದಕ್ಕೆ ಒತ್ತಿದನು, ಇಲ್ಲ. ಹಣೆಗೆ ಒತ್ತಿದಾಗ, ಹಾಲಿನ ಪ್ಯಾಕೆಟ್ ಹಿಡಿದು ಹೋಗುತ್ತಿದ್ದ ಮೂರನೆಯ ಮಹಡಿಯ ಹಿರಿಯರು ದೇವರಿಗೆ ಕೈಮುಗಿಯುತ್ತಿದ್ದಾನೆಂದು ಭಾವಿಸಿ ತಾವೂ ಒಂದು ಕ್ಷಣ ನಿಂತು ಕಣ್ಣು ಮುಚ್ಚಿದರು. ಆತ ಮತ್ತೆ ಗದ್ದಕ್ಕೆ ಮರಳಿ, ಈ ಬಾರಿ ಒಂಟಿಕಾಲಿನಲ್ಲಿ ನಿಂತನು. ಅದಕ್ಕೆ ಯಾವ ಶಾಸ್ತ್ರಾಧಾರವೂ ಇಲ್ಲ. ಸೆಕ್ಯುರಿಟಿಯವನು ಬಹಳ ಹೊತ್ತು ನೋಡಿ, ಕೊನೆಗೆ ಹತ್ತಿರ ಬಂದು, ‘ಹಲ್ಲು ನೋವಾ ಸಾರ್? ಲವಂಗ ಇಟ್ಕೊಳ್ಳಿ’ ಎಂದನು. ಉತ್ತರಿಸಬೇಕಾದರೆ ಬಾಯಿ ಮುಚ್ಚಬೇಕು, ಬಾಯಿ ಮುಚ್ಚಿದರೆ ಸಿದ್ಧಾಂತ ಬೀಳುತ್ತದೆ. ಆದ್ದರಿಂದ ಮಾಲೀಕನು ಬಾಯಿ ತೆರೆದುಕೊಂಡೇ ತಲೆಯಾಡಿಸಿದನು. ನಿಂತ ಕಾರಿನ ಕಾವಲಿಗೆಂದು ಫ್ಯೂಸ್ ಬಾಕ್ಸಿನಿಂದ ನೇರ ವಿದ್ಯುತ್ ಪಡೆದು ಎಚ್ಚರವಾಗಿರುವ ‘ಪಾರ್ಕಿಂಗ್ ಮೋಡ್’ ಎಂಬ ವ್ಯವಸ್ಥೆಯು ಎದುರಿಗಿನ ಈ ಚಲನೆಯನ್ನು ಗುರುತಿಸಿ ಆದ್ಯಂತ ಚಿತ್ರೀಕರಿಸಿಕೊಂಡಿತಲ್ಲದೆ, ಹಳೆಯ ದೃಶ್ಯಗಳ ಮೇಲೆ ಹೊಸವನ್ನು ಬರೆಯುವ ತನ್ನ ನಿಯಮದಿಂದ ಇದಕ್ಕೆ ವಿನಾಯಿತಿ ನೀಡಿ, ಘಟನೆಗಳ ವಿಶೇಷ ಕಡತದಲ್ಲಿ ಭದ್ರಪಡಿಸಿತು.

ಇದನ್ನು ಬರೆದು ನಗುವಾಗ ಮರೆಯಬಾರದ ಮಾತೊಂದಿದೆ. ನಗರದ ಸಿಗ್ನಲುಗಳಲ್ಲಿ ಕನ್ನಡಿಗೆ ಕನ್ನಡಿ ತಾಗಿದರೂ ಸಾಕು, ಜನ ಸೇರಿ ತೀರ್ಪು ಮೊದಲು, ವಿಚಾರಣೆ ಆಮೇಲೆ ಎನ್ನುವಂತಾಗಿರುವುದರಿಂದಲೇ ಸಾಮಾನ್ಯ ಸಂಸಾರಸ್ಥನೂ ಸಾಕ್ಷಿಯನ್ನು ಸಂಬಳವಿಲ್ಲದೆ ನೇಮಿಸಿಕೊಳ್ಳುತ್ತಿದ್ದಾನೆ. ವಿದ್ಯುನ್ಮಾನ ದಾಖಲೆಯನ್ನು ಪ್ರಮಾಣಪತ್ರದೊಡನೆ ಸ್ವೀಕರಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಅವಕಾಶವಿತ್ತಿದೆ. ಬೀದಿಯಲ್ಲಿ ಕಾಲರು ಹಿಡಿದವನಿಗೆ ಕಲಮು ತೋರಿಸುವ ಉಪಾಯವನ್ನು ಯಾವ ಅಧಿನಿಯಮವೂ ಹೇಳಿಲ್ಲ. ಭಯವಿಲ್ಲದ ಊರಿನಲ್ಲಿ ಈ ಕ್ಯಾಮೆರಾ ಇಷ್ಟು ಮಾರಾಟವಾಗುತ್ತಿರಲಿಲ್ಲ.

ಪರಿಹಾರ ಸರಳ. ಕೀಲಿಯ ಬೆನ್ನಲ್ಲಿ ಅಡಗಿರುವ ಲೋಹದ ಕೀಲಿಯಿಂದ ಬಾಗಿಲು ತೆರೆದು, ಕ್ಯಾಮೆರಾವನ್ನಷ್ಟೇ ಅಲ್ಲ, ಚಾರ್ಜರನ್ನೂ ಫ್ಯೂಸ್ ಬಾಕ್ಸಿನ ಜೋಡಣೆಯನ್ನೂ ಬಿಡಿಸಿ ರಿಮೋಟ್ ಒತ್ತಿ ನೋಡಬೇಕು. ಕಾರು ಮಾತು ಕೇಳಿದರೆ ಕಳ್ಳ ಸಿಕ್ಕಂತೆಯೇ. ಆಗ ಚಾರ್ಜರೊಂದನ್ನೇ ಜೋಡಿಸಿ ಮತ್ತೆ ಪರೀಕ್ಷಿಸಿದರೆ ಪಾಲು ಯಾರದೆಂದು ತಿಳಿಯುತ್ತದೆ. ಒಳ್ಳೆಯ ಚಾರ್ಜರ್ ಹಾಕುವುದು, ವೈರನ್ನು ರಿಸೀವರಿನಿಂದ ದೂರ ಸರಿಸುವುದು, ವೈರಿಗೆ ಫೆರೈಟ್ ಉಂಗುರ, ಅಂದರೆ ಅಧಿಕ ಆವೃತ್ತಿಯ ಗದ್ದಲವನ್ನು ಹೀರಿ ಶಾಖವಾಗಿಸುವ ಕಬ್ಬಿಣದ ಆಕ್ಸೈಡಿನ ಬಿಲ್ಲೆ, ತೊಡಿಸುವುದು ಇವುಗಳಲ್ಲಿ ಯಾವುದೋ ಒಂದು ಸಾಮಾನ್ಯವಾಗಿ ಫಲಿಸುತ್ತದೆ. ಅಲ್ಲಿಯವರೆಗೆ ಓದುಗರು ಒಂದು ಎಚ್ಚರ ವಹಿಸಬೇಕು: ಬಾಗಿಲು ತೆರೆಯದಂತೆ ಮಾಡುವ ಗದ್ದಲವೇ ಅದು ಮುಚ್ಚದಂತೆಯೂ ಮಾಡಬಲ್ಲದಾದ್ದರಿಂದ, ಲಾಕ್ ಗುಂಡಿ ಒತ್ತಿದ ಮೇಲೆ ಹಿಡಿಕೆಯನ್ನು ಒಮ್ಮೆ ಎಳೆದು ನೋಡಿಯೇ ಮನೆಗೆ ಹೋಗಿರಿ.