ನೋಟಿಸ್ ಪೀರಿಯಡ್ ಪಾಟೀಲ

ಪನವೇಲ್ ಬಳಿಯ ಕಳಂಬೋಲಿಯ ಯಾವ ದವಾಖಾನೆಗೆ ಹೋಗಿ ನೋಡಿ, ಕೂತವರೆಲ್ಲ ರೋಗಿಗಳು, ನಿಂತವನು ಮೆಡಿಕಲ್ ರೆಪ್. ಕುರ್ಚಿ ಖಾಲಿಯಿದ್ದರೂ ಅವನು ಕೂಡುವುದಿಲ್ಲ. ಕೂತವನನ್ನು ರಿಸೆಪ್ಶನ್ನಿನ ಹುಡುಗಿ ಮರೆತುಬಿಡುತ್ತಾಳೆ ಎಂಬುದು ಈ ವೃತ್ತಿಯ ಮೊದಲ ಪಾಠ. ಹೆಗಲಿಗೆ ಕರಿ ಬ್ಯಾಗು, ಇಸ್ತ್ರಿ ಮುರಿಯದ ಅಂಗಿ, ಪಾಲಿಶ್ ಹಾಕಿದ ಬೂಟು. ಉಕ್ಕಿನ ಮಾರುಕಟ್ಟೆಗೆ ಬರುವ ಟ್ರೇಲರುಗಳು ಎಬ್ಬಿಸಿದ ಧೂಳು ಹನ್ನೊಂದು ಗಂಟೆಯೊಳಗೆ ಆ ಬೂಟಿನ ಮೇಲೆ ಬಂದು ಕೂತಿರುತ್ತದೆ. ಇಡೀ ದವಾಖಾನೆಯಲ್ಲಿ ಅವನ ಕಡೆಯಿಂದ ಕೂಡುವುದು ಅದೊಂದೇ.

ಅವನಿಗೊಂದು ಹೆಸರು ಬೇಕಲ್ಲ, ಪಾಟೀಲ ಎನ್ನೋಣ. ವಿಜಯಪುರ ಜಿಲ್ಲೆಯವನು, ಬಿ.ಎಸ್ಸಿ. ಮುಗಿಸಿ ಮುಂಬೈ ಗಾಡಿ ಹತ್ತಿದವನು. ಪನವೇಲ್ ಸುತ್ತಮುತ್ತ ಪಾಟೀಲ ಎಂಬ ಹೆಸರಿಗೆ ಒಳ್ಳೆಯ ಬೆಲೆಯಿದೆ. ಇಲ್ಲಿನ ಆಗ್ರಿ ಸಮುದಾಯದ ಪಾಟೀಲರು ಇವನೂ ನಮ್ಮವನೇ ಎಂದುಕೊಳ್ಳುತ್ತಾರೆ. ಭೀಮಾ ತೀರದವನು ಎಂದು ಗೊತ್ತಾಗುವಷ್ಟರಲ್ಲಿ ಆರ್ಡರ್ ಬರೆದು ಮುಗಿದಿರುತ್ತದೆ. ಜೊತೆಗಾರರು ಮಾತ್ರ ಅವನನ್ನು ಕರೆಯುವುದು ನೋಟಿಸ್ ಪೀರಿಯಡ್ ಪಾಟೀಲ ಎಂದು. ಯಾವಾಗ ನೋಡಿದರೂ ಅವನು ಒಂದು ಕಂಪನಿ ಬಿಡುತ್ತಿರುತ್ತಾನೆ, ಇಲ್ಲವೇ ಇನ್ನೊಂದನ್ನು ಸೇರುತ್ತಿರುತ್ತಾನೆ. ನಡುವೆ ಸಿಕ್ಕ ಬಿಡುವಿನಲ್ಲಿ ಔಷಧ ಮಾರುತ್ತಾನೆ.

ಕಳಂಬೋಲಿ ಅವನ ಎಚ್‌ಕ್ಯೂ, ಓಡಾಟದ ಕೇಂದ್ರ. ಕಾಮೋಠೆ, ಖಾಂದಾ ಕಾಲನಿ, ತಳೋಜಾ ಅದರೊಳಗೇ ಬರುತ್ತವೆ. ಖೋಪೋಲಿ ಎಕ್ಸ್-ಸ್ಟೇಷನ್, ಅಂದರೆ ಹೋಗಿ ಅಂದೇ ತಿರುಗಿ ಬರಬೇಕಾದ ಊರು. ಭತ್ಯೆ ತುಸು ಹೆಚ್ಚು, ಬೆನ್ನುನೋವು ಬಹಳ ಹೆಚ್ಚು. ಬೆಳಿಗ್ಗೆ ಸ್ಟಾಕಿಸ್ಟ್ ಮತ್ತು ಕೆಮಿಸ್ಟ್, ಮಧ್ಯಾಹ್ನದವರೆಗೆ ಡಾಕ್ಟರುಗಳು, ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ಮತ್ತೆ ಡಾಕ್ಟರುಗಳು. ಮುಕ್ಕಾಲು ತಾಸು ನಿಂತವನಿಗೆ ಒಳಗೆ ಸಿಗುವುದು ಮುಕ್ಕಾಲು ನಿಮಿಷ. ಅಷ್ಟರಲ್ಲಿ ಟ್ಯಾಬಿನ ಮೇಲೆ ನಾಲ್ಕು ಚಿತ್ರ ಸರಿಸಿ, ಮೂರು ಔಷಧ ಹೊಗಳಿ, ಎರಡು ಸ್ಯಾಂಪಲ್ ಇಟ್ಟು, ಒಂದು ನಮಸ್ಕಾರ ಹಾಕಿ ಹೊರಬರಬೇಕು. ಡಾಕ್ಟರು ಈ ಅವಧಿಯಲ್ಲಿ ತಮ್ಮ ಫೋನು ನೋಡುತ್ತಿರುತ್ತಾರೆ.

ಆಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್ ಮಾಡದ ಔಷಧ ಕಂಪನಿ ಈ ದೇಶದಲ್ಲಿ ಸಿಗುವುದು ಕಷ್ಟ. ಹೀಗಾಗಿ ಪಾಟೀಲ ಕಂಪನಿ ಬಿಟ್ಟರೂ ಪ್ಯಾಂಟೊಪ್ರಜೋಲ್ ಪಾಟೀಲನನ್ನು ಬಿಡುವುದಿಲ್ಲ. ಬದಲಾಗುವುದು ಮಾತ್ರೆಯ ಹೆಸರು, ಡಬ್ಬಿಯ ಬಣ್ಣ. ಕಳಂಬೋಲಿಯಲ್ಲಿ ಬೆಳಗಾವಿ ಕಡೆಯ ಡಾಕ್ಟರೊಬ್ಬರಿದ್ದಾರೆ. ಅವರಿಗೆ ಇದು ದಿನದ ಮನರಂಜನೆ.

“ಏನಪಾ ಪಾಟೀಲ, ಹ್ವಾದ ತಿಂಗಳ ಆ ಕಂಪನಿ ಗುಳಿಗಿನ ಭಾಳ ಛಲೋ ಅಂದಿದ್ದೆಲ್ಲ?”

“ಅದೂ ಛಲೋನ ಇತ್ರಿ ಸರ. ಆದ್ರ ಆ ಕಂಪನಿ ಮೀಟಿಂಗಿನ ಆಸಿಡಿಟಿಗೆ ಅದು ಸಾಲಲಿಲ್ರಿ.”

ಮೀಟಿಂಗ್ ಎಂದರೆ ವಾಶಿಯ ಹೋಟೆಲಿನ ಎಸಿ ಹಾಲಿನಲ್ಲಿ ನಡೆಯುವ ಸೈಕಲ್ ಮೀಟಿಂಗ್. ಊಟದ ಮುಂಚಿನ ಅಧಿವೇಶನದಲ್ಲಿ ದೀಪ, ಚಪ್ಪಾಳೆ, ಸ್ಫೂರ್ತಿಯ ಭಾಷಣ. “ನಾವೆಲ್ಲ ಒಂದೇ ಕುಟುಂಬ” ಎಂದು ದೊಡ್ಡ ಸಾಹೇಬರು ಕಂಠ ತುಂಬಿ ಹೇಳುತ್ತಾರೆ. ಊಟದ ನಂತರ ಪರದೆಯ ಮೇಲೆ ಅಂಕಿಗಳು ಮೂಡುತ್ತವೆ. ಟಾರ್ಗೆಟ್ ಮುಟ್ಟದವರು ಒಬ್ಬೊಬ್ಬರಾಗಿ ಎದ್ದು ನಿಲ್ಲಬೇಕು. ಆಗ ನೋಡಿದರೆ ಕುಟುಂಬ ಎಂದದ್ದು ಸುಳ್ಳಲ್ಲ, ಆಸ್ತಿ ಪಾಲಾಗುವ ದಿನದ ಕುಟುಂಬ.

ತಿಂಗಳ ಕೊನೆಯ ವಾರ ಪಾಟೀಲನ ಫೋನು ಬಿಸಿಯಾಗಿರುತ್ತದೆ. “ಪ್ರೈಮರಿ ಎಷ್ಟಾಯ್ತು?” ಕಂಪನಿಯಿಂದ ಸ್ಟಾಕಿಸ್ಟಿಗೆ ಹೋದ ಮಾಲು ಪ್ರೈಮರಿ, ಸ್ಟಾಕಿಸ್ಟಿನಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ಗುಳಿಗೆ ರೋಗಿಯ ಹೊಟ್ಟೆ ಸೇರಿತೋ ಇಲ್ಲವೋ ಎಂಬ ಮೂರನೆಯ ಲೆಕ್ಕಕ್ಕೆ ತಿಂಗಳ ಕೊನೆಯಲ್ಲಿ ಪುರಸೊತ್ತಿಲ್ಲ. ಪಾಟೀಲ ಸ್ಟಾಕಿಸ್ಟನ ಮುಂದೆ ಕೈಮುಗಿಯುತ್ತಾನೆ: “ಶೇಠ್, ಈ ಸಲ ಎತ್ತಿಕೊಳ್ಳಿ, ಹಳೇ ಎಕ್ಸ್‌ಪೈರಿ ಮಾಲನ್ನೆಲ್ಲ ಮುಂದಿನ ತಿಂಗಳು ವಾಪಸ್ ತೆಗೆಸ್ತೇನೆ.” ಶೇಠ್ ಎತ್ತಿಕೊಳ್ಳುತ್ತಾರೆ. ಮುಂದಿನ ತಿಂಗಳು ಪಾಟೀಲ ಬೇರೆ ಕಂಪನಿಯಲ್ಲಿರುತ್ತಾನೆ. ಅವನು ಕೊಟ್ಟ ಮಾತು ಅಂಗಡಿಯ ಅಟ್ಟದ ಮೇಲೆ, ರಟ್ಟಿನ ಪೆಟ್ಟಿಗೆಯಲ್ಲಿ, ಅವಧಿ ಮುಗಿದು ಬಿದ್ದಿರುತ್ತದೆ.

ಏರಿಯಾ ಮ್ಯಾನೇಜರರ ಮಾತು ಇನ್ನೂ ಚಿಕ್ಕದು: “ಲೊಕೇಶನ್ ಕಳಿಸು.” ದವಾಖಾನೆಯ ಬಾಗಿಲಲ್ಲಿ ನಿಂತು ಆ್ಯಪಿನಲ್ಲಿ ಗುಂಡಿ ಒತ್ತಿದರಷ್ಟೇ ಅವನು ಅಲ್ಲಿಗೆ ಹೋದದ್ದಕ್ಕೆ ಸಾಕ್ಷಿ. ಜುಲೈ ಮಳೆಗೆ ಕಳಂಬೋಲಿಯ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತು, ಡಾಕ್ಟರೂ ಬರದೆ, ರೋಗಿಯೂ ಬರದೆ, ಬೀಗ ಹಾಕಿದ ಬಾಗಿಲ ಮುಂದೆ ಪಾಟೀಲನೊಬ್ಬನೇ ನಿಂತು ಗುಂಡಿ ಒತ್ತಿದ್ದುಂಟು. ಆ್ಯಪ್ ಪ್ರಕಾರ ಅಂದಿನ ಭೇಟಿ ಯಶಸ್ವಿ.

ಇಂಥವನು ಯಾವ ಜಾತಿಯ ನೌಕರ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೂ ಬಂದಿತ್ತು. ಎಚ್.ಆರ್. ಅಡ್ಯಂತಾಯ ಅವರ ಹೆಸರಿನ ಆ ಮೊಕದ್ದಮೆಯ ತೀರ್ಪು ಬಂದದ್ದು 1994ರಲ್ಲಿ. ಮೆಡಿಕಲ್ ರೆಪ್ ಮಾಡುವುದು ಕೈಕೆಲಸವಲ್ಲ, ಗುಮಾಸ್ತಿಕೆಯಲ್ಲ, ತಾಂತ್ರಿಕವಲ್ಲ, ಮೇಲ್ವಿಚಾರಣೆಯೂ ಅಲ್ಲ. ಆದ್ದರಿಂದ ಕೈಗಾರಿಕಾ ವಿವಾದ ಕಾಯ್ದೆಯ ಮೂಲ ವ್ಯಾಖ್ಯೆಯಲ್ಲಿ ಅವನು ಕಾರ್ಮಿಕನಲ್ಲ ಎಂದಾಯಿತು. ಕೈಹಿಡಿದದ್ದು ಮಾರಾಟ ಪ್ರಚಾರದ ನೌಕರರಿಗೆಂದೇ 1976ರಲ್ಲಿ ಬಂದ ಪ್ರತ್ಯೇಕ ಕಾಯ್ದೆ. ಅದು 11 ದಿನದ ಕೆಲಸಕ್ಕೆ ಒಂದು ದಿನದ ಗಳಿಕೆ ರಜೆ ಕೊಟ್ಟಿತು. ಕಾಯಿಲೆ ಬಿದ್ದರೆ 18 ದಿನದ ಸೇವೆಗೆ ಒಂದು ದಿನ, ಅದೂ ಅರ್ಧ ಸಂಬಳದ ಮೇಲೆ. ಊರಿಗೆಲ್ಲ ಔಷಧ ಹೊತ್ತು ತಿರುಗುವವನು ತಾನು ಮಲಗಿದರೆ ಅರ್ಧ ಸಂಬಳ! ಪಾಟೀಲ ಅದನ್ನೂ ತೆಗೆದುಕೊಂಡವನಲ್ಲ. ಸ್ಯಾಂಪಲ್ ನುಂಗಿ ಕೆಲಸಕ್ಕೆ ಹೋಗುತ್ತಾನೆ. ಆ ಕಾಯ್ದೆಯೂ ಈಗ ಮೊದಲಿನ ಜಾಗ ಬಿಟ್ಟು 2020ರ ದೊಡ್ಡ ಕಾರ್ಮಿಕ ಸಂಹಿತೆಯೊಂದನ್ನು ಸೇರಿಕೊಂಡಿದೆ. ಈ ದಂಧೆಯ ಗಾಳಿ ಬಡಿದರೆ ಕಾನೂನೂ ಒಂದು ಕಡೆ ನಿಲ್ಲುವುದಿಲ್ಲ.

ನುಂಗಲು ಸ್ಯಾಂಪಲ್ಲಾದರೂ ಎಲ್ಲಿ ಉಳಿದಿವೆ? ಕೇಂದ್ರ ಸರಕಾರ 2024ರಲ್ಲಿ ಹೊರಡಿಸಿದ ಔಷಧ ಮಾರಾಟ ಸಂಹಿತೆಯ ಪ್ರಕಾರ ಒಬ್ಬ ಡಾಕ್ಟರಿಗೆ ಒಂದು ಔಷಧದ ಸ್ಯಾಂಪಲ್ ವರ್ಷಕ್ಕೆ 12 ಪ್ಯಾಕ್ ಮೀರುವಂತಿಲ್ಲ. ನೆನಪಿನ ಕಾಣಿಕೆ ಒಂದಕ್ಕೆ 1,000 ರೂಪಾಯಿಯ ಒಳಗಿರಬೇಕು. ಡಾಕ್ಟರ ಭೇಟಿಗಾಗಿ ರೆಪ್ ಯಾವ ನೆಪದಲ್ಲೂ ಹಣ ಕೊಡಕೂಡದು. ನಿಯಮ ಒಳ್ಳೆಯದೇ, ಪಾಟೀಲನ ತಕರಾರಿಲ್ಲ. ಆದರೆ ಖಾಲಿ ಕೈಯಲ್ಲಿ ಹೋಗು ಎಂದ ಕಂಪನಿ, ಟಾರ್ಗೆಟ್ಟನ್ನು ಮಾತ್ರ ಖಾಲಿ ಮಾಡಲಿಲ್ಲ.

ಆದ್ದರಿಂದ ಅವನ ಮೊಬೈಲಿನಲ್ಲಿ ರಾಜೀನಾಮೆ ಪತ್ರ ಸದಾ ಸಿದ್ಧ. “ವೈಯಕ್ತಿಕ ಕಾರಣಗಳಿಂದ” ಎಂದು ಆರಂಭ, “ಕಲಿಯಲು ದೊರೆತ ಅವಕಾಶಕ್ಕೆ ಚಿರಋಣಿ” ಎಂದು ಮುಕ್ತಾಯ. ಮೂರೇ ಜಾಗ ಖಾಲಿ: ದಿನಾಂಕ, ಕಂಪನಿ, ಮ್ಯಾನೇಜರರ ಹೆಸರು. ಬಿಡುವ ಕಾರಣ ಕೇಳಿ ಎಚ್‌ಆರ್‌ನಿಂದ ಒಂದು ಫಾರಂ ಬರುತ್ತದೆ. ಹೆಚ್ಚಿನ ಸಂಬಳ, ಉನ್ನತ ವ್ಯಾಸಂಗ, ಕೌಟುಂಬಿಕ ಸಮಸ್ಯೆ, ಇತರೆ. ನಿಜವಾದ ಕಾರಣ ಆ ಪಟ್ಟಿಯಲ್ಲಿಲ್ಲ, ಏಕೆಂದರೆ ಅದೇ ಮ್ಯಾನೇಜರರ ಕೈಯಿಂದ ಫಾರಂ ಮೇಲೆ ಹೋಗಬೇಕು.

ನೋಟಿಸ್ ಕೊಟ್ಟ ಮೇಲಿನ ದಿನಗಳಲ್ಲಿ ಅವನಷ್ಟು ಸುಖಿ ಇನ್ನೊಬ್ಬನಿಲ್ಲ. ನಿನ್ನೆಯವರೆಗೆ “ಏಯ್ ಪಾಟೀಲ” ಎನ್ನುತ್ತಿದ್ದ ಮ್ಯಾನೇಜರು “ಪಾಟೀಲ್‌ಜೀ” ಎನ್ನುತ್ತಾರೆ. ಮುಖ ಗೆಲುವಾಗುತ್ತದೆ, ಮಾತು ಸರಾಗವಾಗುತ್ತದೆ, ಡಾಕ್ಟರುಗಳು ಫೋನಿನಿಂದ ತಲೆ ಎತ್ತುತ್ತಾರೆ. ಇಡೀ ವರ್ಷ ಮುಟ್ಟದ ಟಾರ್ಗೆಟ್ಟನ್ನು ಅವನು ಹೋಗುವ ತಿಂಗಳು ಮುಟ್ಟುತ್ತಾನೆ. ಹೆದರಿಕೆ ತೆಗೆದರೆ ಮಾರಾಟ ಏರುತ್ತದೆ ಎಂಬ ಈ ಸಂಶೋಧನೆಯನ್ನು ಇನ್ನೂ ಯಾವ ಸೈಕಲ್ ಮೀಟಿಂಗಿನ ಪರದೆಯ ಮೇಲೂ ತೋರಿಸಿಲ್ಲ.

ಆಮೇಲೆ ಎಚ್‌ಕ್ಯೂ ‘ವೇಕೆಂಟ್’. ಹೊಸ ಹುಡುಗನೊಬ್ಬ ತರಬೇತಿ ಮುಗಿಸಿ, ಔಷಧಗಳ ಗುಣಗಾನವನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಎಕ್ಸ್‌ಪ್ರೆಸ್ ಹೆದ್ದಾರಿಯ ಬಾಯಲ್ಲಿರುವ ಸರ್ಕಲ್ಲಿನಲ್ಲಿ ಬಂದಿಳಿಯುತ್ತಾನೆ. ಯಾವ ಡಾಕ್ಟರು ಗುರುವಾರ ಯಾರನ್ನೂ ಭೇಟಿಯಾಗುವುದಿಲ್ಲ, ಯಾರ ಕಂಪೌಂಡರನ್ನು “ಕಾಕಾ” ಎನ್ನಬೇಕು, ಯಾವ ಕೆಮಿಸ್ಟಿನ ಮುಂದೆ ಉಧಾರಿಯ ಮಾತೆತ್ತಬಾರದು, ಇದ್ಯಾವುದೂ ತರಬೇತಿಯಲ್ಲಿಲ್ಲ. ಅದನ್ನೆಲ್ಲ ಹೇಳಿಕೊಡುವವನು ಪಕ್ಕದಲ್ಲೇ ಹೊಸ ಕಂಪನಿಯ ಬ್ಯಾಗು ಹೊತ್ತು ನಿಂತಿರುವ ಪಾಟೀಲ. ಎದುರಾಳಿಗೆ ಇಷ್ಟೆಲ್ಲ ಯಾಕೆ ಹೇಳುತ್ತೀಯಪ್ಪಾ ಎಂದರೆ, “ಇರ್ಲಿ ಬಿಡ್ರಿ, ನಾಳೆ ನಮ್ಮ ಕಂಪನಿಗೇ ಬರ್ತಾನ” ಎನ್ನುತ್ತಾನೆ.

ಕಂಪನಿಗಳು ತಮ್ಮ ಕಡತದಲ್ಲಿ ‘ಪಾಟೀಲ ಬಿಟ್ಟುಹೋದ’ ಎಂದು ಬರೆದುಕೊಳ್ಳುತ್ತವೆ. ಪಾಟೀಲ ಎಲ್ಲಿಗೂ ಹೋಗಿಲ್ಲ. ಅದೇ ಸಿಡ್ಕೋ ಕಟ್ಟಡದ ಬಾಡಿಗೆ ಮನೆ, ಅದೇ ಬೈಕು, ಅದೇ ಡಾಕ್ಟರುಗಳು. ಹೋಗುವುದು ಬರುವುದು ಏನಿದ್ದರೂ ಕಂಪನಿಗಳೇ. ಊರಲ್ಲಿರುವ ಅವ್ವ ಇದನ್ನು ಮೊದಲೇ ಅರಿತವಳು. ಯಾರು ಕೇಳಿದರೂ “ನಮ್ಮ ಹುಡುಗ ಔಷಧದ ಕಂಪನ್ಯಾಗ ಅದಾನ” ಎನ್ನುತ್ತಾಳೆ, ಯಾವುದು ಎಂದು ಹೇಳಿದವಳಲ್ಲ. ಬೆಳಗಾವಿ ಡಾಕ್ಟರೂ ಅಷ್ಟೇ: “ಕಂಪನಿ ಹೆಸರು ಕಟ್ಕೊಂಡು ನನಗೇನಾಗ್ಬೇಕು? ಪಾಟೀಲ ಬಂದಾನ, ಬರಿತೀನಿ.” ಈ ವಿಶ್ವಾಸ ಸಂಪಾದಿಸಲು ವರ್ಷಗಟ್ಟಲೆ ನಿಂತವನು ಪಾಟೀಲ. ಆದರೆ ಬ್ಯಾಗು, ಟ್ಯಾಬು, ಉಳಿದ ಸ್ಯಾಂಪಲ್ಲುಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳುವ ಕಂಪನಿಗೆ ಈ ಬಾಬತ್ತು ಲೆಕ್ಕಕ್ಕೇ ಬರುವುದಿಲ್ಲ.

ಮ್ಯಾನೇಜರರಿಗೂ ಮೇಲೊಬ್ಬ ಮ್ಯಾನೇಜರ್ ಇರುತ್ತಾನೆ, ಅವನೂ ಲೊಕೇಶನ್ ಕೇಳುತ್ತಾನೆ. ಹೀಗಾಗಿ ಪಾಟೀಲ ಹೊಸ ಕಂಪನಿಯಲ್ಲಿ ಒಂದಿಷ್ಟು ನೆಲೆಯೂರುವ ಹೊತ್ತಿಗೆ ಹೊಸ ಏರಿಯಾ ಮ್ಯಾನೇಜರ್ ಬರುತ್ತಾರೆಂದು ಸುದ್ದಿಯಾಯಿತು. ವಾಶಿಯ ಹೋಟೆಲಿನಲ್ಲಿ ಸ್ವಾಗತ ಸಮಾರಂಭ. ಹೂಗುಚ್ಛ ಹಿಡಿದು ಒಳಬಂದವರು, ಯಾರ ಕಾಟಕ್ಕೆ ಅವನು ಹಿಂದಿನ ಕಂಪನಿ ಬಿಟ್ಟಿದ್ದನೋ ಅದೇ ಸಾಹೇಬರು. “ನಾವೆಲ್ಲ ಒಂದೇ ಕುಟುಂಬ” ಎಂದು ಅವರು ಶುರುಮಾಡಿದರು. ಪಾಟೀಲ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿ, ಮೇಜಿನ ಕೆಳಗೆ ಮೊಬೈಲು ತೆರೆದು ಪತ್ರ ಹೊರತೆಗೆದ. ಈ ಸಲ ತಿದ್ದಬೇಕಾದದ್ದು ಎರಡೇ ಜಾಗ, ಮ್ಯಾನೇಜರರ ಹೆಸರು ಮೊದಲಿನದೇ ನಡೆಯುತ್ತದೆ.