ನಡತೆ ಸರಿಯಿಲ್ಲದ ಫೋನು

ನನ್ನ ಫೋನು ಹುಟ್ಟಿದ್ದು 2017ರಲ್ಲಿ. ತಯಾರಿಸಿದ ಕಂಪನಿ (ಹೆಸರು ಬೇಡ, ಅವರಿಗೂ ಹೊಟ್ಟೆಪಾಡಿದೆ) ಅದನ್ನು ಆಂಡ್ರಾಯ್ಡ್ 7ರವರೆಗೆ ಓದಿಸಿ, ಮುಂದಕ್ಕೆ ನಮ್ಮಿಂದಾಗದು ಎಂದು ಶಾಲೆ ಬಿಡಿಸಿತು. ಗಾಜು ಒಡೆದಿಲ್ಲ, ಸ್ಪೀಕರ್ ಗೊರಗುಟ್ಟುವುದಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೊಸ ಬ್ಯಾಟರಿಯನ್ನೂ ಹಾಕಿಸಿದ್ದಾಗಿದೆ. ಇಂಥದ್ದಕ್ಕೆ ಎಕ್ಸ್‌ಚೇಂಜ್ ಆಫರಿನಲ್ಲಿ ಹೇಳಿದ ಬೆಲೆ ಕೇಳಿ ಫೋನಿಗಿಂತ ನನಗೇ ಅವಮಾನವಾಯಿತು. ಸರಿ, ಅದರ ವಿದ್ಯಾಭ್ಯಾಸದ ಹೊಣೆ ನಾನೇ ಹೊತ್ತೆ.

ಆಂಡ್ರಾಯ್ಡ್‌ನ ಮೂಲ ಕೋಡ್ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದದ್ದು. ಅದನ್ನು ಹಳೆಯ ಫೋನುಗಳಿಗೆ ಒಗ್ಗಿಸಿ ಪುಕ್ಕಟೆ ಹಂಚುವ ಪುಣ್ಯಾತ್ಮರು ಲೋಕದಲ್ಲಿದ್ದಾರೆ. 2009ರಲ್ಲಿ ಸೈನೋಜೆನ್‌ಮಾಡ್ ಎಂದು ಶುರುವಾದ ಈ ಸೇವೆ, 2016ರ ಡಿಸೆಂಬರಿನಲ್ಲಿ ಆ ಹೆಸರು ಮುಳುಗಿದ ಮೇಲೆ ಲಿನಿಯೇಜ್ ಓಎಸ್ ಆಗಿ ಮುಂದುವರಿದಿದೆ. ಅದನ್ನು ಹಾಕಿಕೊಳ್ಳಲು ಮೊದಲು ಫೋನನ್ನು ಎಬ್ಬಿಸುವ ಬೂಟ್‌ಲೋಡರಿನ ಬೀಗ ತೆಗೆಯಬೇಕು, ಆಗ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಹೊಸ ರಾಮ್ (ROM, ಅಂದರೆ ಫೋನಿನ ಇಡೀ ಸಾಫ್ಟ್‌ವೇರು) ಫ್ಲ್ಯಾಶ್ ಮಾಡಬೇಕು, ಅಂದರೆ ತುಂಬಬೇಕು. ಬಿಡಿ ಡೆವಲಪರುಗಳ ರಾಮ್ ಜೊತೆಗೆ ಒಂದು ಟಿಪ್ಪಣಿಯೂ ಇರುವುದುಂಟು: 'ಕೆಲಸ ಮಾಡುವುದು: ಎಲ್ಲ. ಮಾಡದಿರುವುದು: ನೀವೇ ಹೇಳಿ.' ಇಷ್ಟು ಪ್ರಾಮಾಣಿಕವಾದ ವಾರಂಟಿ ಕಾರ್ಡು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹೀಗೆ ಆಂಡ್ರಾಯ್ಡ್ 11 ತುಂಬಿಸಿಕೊಂಡ ನನ್ನ ಫೋನಿನಲ್ಲಿ ಕೆಲಸ ಮಾಡದೆ ಹೋದದ್ದು ಒಂದೇ, ಕರೆ. 4ಜಿ ಇರುವುದು ಡೇಟಾಕ್ಕೆ. ಅದರ ಮೇಲೆ ಮಾತೂ ಹರಿಯಬೇಕಾದರೆ ವೋಎಲ್‌ಟಿಇ ಬೇಕು. ಅದಕ್ಕೆ ಬೇಕಾದ ಫೈಲುಗಳನ್ನು ಚಿಪ್ ಮಾಡಿದವರು ಬಚ್ಚಿಟ್ಟಿರುತ್ತಾರೆ. ರಾಮ್ ಕಟ್ಟುವವರು ಹಳೆಯ ಸಾಫ್ಟ್‌ವೇರಿನಿಂದ ಅವನ್ನು ಹೆಕ್ಕಿ ತಂದು ಹೊಂದಿಸಬೇಕು. ಅದರಲ್ಲೊಂದು ಮುನಿಸಿಕೊಂಡರೂ ಮುಗಿಯಿತು. ಸಿಗ್ನಲ್ ಕಡ್ಡಿ ಪೂರ್ತಿ, ಯೂಟ್ಯೂಬ್ ಸಲೀಸು, ಕರೆ ಮಾತ್ರ ಹಳೇ 2ಜಿ ಸಿಕ್ಕ ಕಡೆ ಉಂಟು, ಸಿಗದ ಕಡೆ ಇಲ್ಲ.

"ದಿನಪೂರ್ತಿ ಕೈಯಲ್ಲೇ ಇರತ್ತೆ, ಕಾಲ್ ಮಾಡಿದ್ರೆ ಮಾತ್ರ ಸಿಗಲ್ಲ. ಅದನ್ನ ಫೋನ್ ಅಂತ ಯಾಕೆ ಕರೀತೀರಿ?" ಎಂಬುದು ಮನೆಯವಳ ಪ್ರಶ್ನೆ. ಸಿಮ್ ಕಂಪನಿಯ ಕಸ್ಟಮರ್ ಕೇರಿನ ಹುಡುಗನದು ಬೇರೆ. "ಸರ್, ಆಂಡ್ರಾಯ್ಡ್ 11 ಅಂತೀರಿ. ಈ ಮಾಡೆಲ್‌ಗೆ 11 ಬರೋದೇ ಇಲ್ವಲ್ಲ ಸರ್?" ಬಂದಿದೆಯಪ್ಪ ಎಂದೆ. ಲೈನು ಕಟ್ಟಾಯಿತು. ಅವನೇ ಕಟ್ ಮಾಡಿದನೋ 2ಜಿ ಕಟ್ ಮಾಡಿತೋ ಇಂದಿಗೂ ಗೊತ್ತಿಲ್ಲ.

ಮೇಲಾಗಿ ನಾನು ಪ್ರೀಪೇಯ್ಡ್ ಗಿರಾಕಿ. ಪ್ರೀಪೇಯ್ಡ್ ತಿಂಗಳಿಗೆ 28 ದಿನ, ಅಂದರೆ ವರ್ಷಕ್ಕೆ ಹದಿಮೂರು ರೀಚಾರ್ಜು. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಬರಲು ಹೆಚ್ಚುಕಡಿಮೆ ಮೂರು ವರ್ಷ ಕಾಯಬೇಕು. ಸಿಮ್ ಕಂಪನಿಗಳ ಪಂಚಾಂಗದಲ್ಲಿ ಅದು ವರ್ಷವೂ ಬರುತ್ತದೆ. 30 ದಿನದ ಪ್ಲ್ಯಾನೂ ಒಂದಿರಲಿ ಎಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ 2022ರಲ್ಲಿ ಅಪ್ಪಣೆ ಮಾಡಿದೆ. ಇದೆ, ಹುಡುಕಿಕೊಳ್ಳಬೇಕಷ್ಟೆ. ದಿನಕ್ಕೆ ಒಂದೂವರೆ ಜಿಬಿ ಕೋಟಾದಲ್ಲಿ ರಾಮ್ ಇಳಿಸುವುದಕ್ಕೂ ಮುಹೂರ್ತವುಂಟು. ರಾತ್ರಿ ಹನ್ನೊಂದೂವರೆಗೆ ಇವತ್ತಿನ ಉಳಿಕೆಯಲ್ಲಿ ಶುರು ಮಾಡಿದರೆ ಹನ್ನೆರಡರ ನಂತರ ನಾಳೆಯದು ಕೈಹಿಡಿಯುತ್ತದೆ.

ಫ್ಲ್ಯಾಶ್ ಆದ ಫೋನು ಯುಪಿಐ ಕಣ್ಣಿಗೆ ಹೊಚ್ಚಹೊಸ ಫೋನು. ಗುರುತು ಹಚ್ಚಲು ನಮ್ಮ ಸಿಮ್‌ನಿಂದಲೇ ಒಂದು ಎಸ್ಸೆಮ್ಮೆಸ್ ಹೋಗಬೇಕು; ನಾನು ಹಾಕಿಸಿದ ಅಗ್ಗದ ಪ್ಯಾಕಿನಲ್ಲಿ ಎಸ್ಸೆಮ್ಮೆಸ್ ಇಲ್ಲ. ಟಾಪ್‌ಅಪ್ ಮಾಡಿಸಿ ಅದನ್ನೂ ಕಳಿಸಿದೆ. ಆಗ ಬ್ಯಾಂಕಿನ ಆ್ಯಪ್ ಬಾಯಿ ಬಿಟ್ಟಿತು: ನಿಮ್ಮ ಸಾಧನ ಸುರಕ್ಷಿತವಲ್ಲ.

ನನಗೆ ಉರಿಯುವುದು ಇಲ್ಲೇ. ಚಿಪ್ ಮಾಡಿದವರ ಫೈಲುಗಳು ಹಳೆಯವು, ಒಪ್ಪಿದೆ. ಆದರೆ ಆಂಡ್ರಾಯ್ಡ್‌ನ ಭದ್ರತಾ ಪ್ಯಾಚು ನನ್ನ ಫೋನಿಗೆ ಬರುತ್ತಲೇ ಇದೆ. ನಮ್ಮ ಚಿಕ್ಕಪ್ಪನ ಫೋನು ಪ್ಯಾಚ್ ಕಂಡು ವರ್ಷಗಳಾದವು. ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಎಂದು ಎಪಿಕೆ ಫೈಲು (ಕರೆಯೋಲೆಯಲ್ಲ, ಆ್ಯಪ್ ಹಾಕಿಸುವ ಫೈಲು) ಬಂದರೆ ಅವರು ಭಕ್ತಿಯಿಂದ ಒತ್ತುತ್ತಾರೆ, "ಯಾರ ಮಗಳೋ ಗೊತ್ತಾಗ್ಲಿಲ್ಲ ಕಣೋ" ಎಂದು ನನ್ನನ್ನೇ ಕೇಳುತ್ತಾರೆ. ಬ್ಯಾಂಕಿಗೆ ಅವರು ನಂಬಿಕಸ್ಥರು. ಏಕೆಂದರೆ ಬ್ಯಾಂಕಿನ ಆ್ಯಪ್ ನೆಚ್ಚುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ತಪಾಸಣೆ ಮುಖ್ಯವಾಗಿ ನೋಡುವುದು ಬೀಗ ಹಾಕಿದೆಯೇ, ಕಂಪನಿಯ ಮುದ್ರೆ ಇದೆಯೇ ಎಂದು. ಮನೆಯೊಳಗೆ ಯಾರು ಕೂತಿದ್ದಾರೆ ಎಂಬುದು ಅದಕ್ಕೆ ಬೇಕಾಗಿಲ್ಲ. ನಂಬುವುದಾದರೆ ಪ್ಯಾಚಿನ ತಾರೀಖು ನೋಡಿ ನಂಬಲಿ ಎಂಬುದು ನನ್ನ ವಾದ. ಕೇಳುವವರಿಲ್ಲ.

ನಿಮ್ಮ ಮನೆಯ ಡ್ರಾಯರಿನಲ್ಲೂ ಇಂಥದೊಂದು ಬಿದ್ದಿರುತ್ತದೆ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಇ-ತ್ಯಾಜ್ಯದವರಿಗೆ ಕೊಡಿ. ಉಬ್ಬಿರದಿದ್ದರೆ ಲಿನಿಯೇಜ್ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಇದೆಯೇ ನೋಡಿ, ಫೋಟೋಗಳನ್ನು ಬೇರೆ ಕಡೆ ಇಳಿಸಿಕೊಂಡು ಬೀಗ ತೆಗೆಯಿರಿ. ಬ್ಯಾಂಕಿನ ಆ್ಯಪ್ ಮಾತ್ರ ಮನೆಯವರ ಫೋನಿನಲ್ಲಿರಲಿ. ನಮ್ಮಲ್ಲಿ ಹಾಗೇ ನಡೆದಿದೆ: ತರಕಾರಿ ಅಂಗಡಿಯಲ್ಲಿ ಅವಳು ಸ್ಕ್ಯಾನ್ ಮಾಡುತ್ತಾಳೆ, ಚೀಲ ನಾನು ಹೊರುತ್ತೇನೆ.